ದೇವರ ಕೋಣೆಯಲ್ಲಿದ್ದ ಪಾಸ್‌ಪೋರ್ಟ್

ನಮ್ಮ ಮನೆಯಲ್ಲಿ ಹೊಸ ಕಾಗದ ಯಾವುದು ಬಂದರೂ ಮೊದಲು ದೇವರ ಕೋಣೆಗೆ ಹೋಗುತ್ತದೆ. ಮಗಳ ಹಾಲ್ ಟಿಕೆಟ್, ಮಾರ್ಕ್ಸ್ ಕಾರ್ಡ್, ನನ್ನ ಗಂಡನ ಸ್ಕೂಟರಿನ ಕೀ, ಗ್ಯಾಸಿನ ಪುಸ್ತಕ ಕೂಡ ಒಂದು ದಿನ ದೇವಿಯ ಪಟದ ಎದುರಿನ ಮಣೆಯ ಮೇಲೆ ಕೂತು ಗಂಧ ತಾಗಿಸಿಕೊಂಡೇ ಹೊರಗೆ ಬಂದದ್ದು. ಮಗಳು ನರ್ಸಿಂಗ್ ಓದಲಿಕ್ಕೆ ಆಸ್ಟ್ರೇಲಿಯಕ್ಕೆ ಹೋದ ಮೇಲೆ ಅವಳ ಪಾಸ್‌ಪೋರ್ಟಿಗೂ ಅದೇ ಜಾಗ. ರಜೆಗೆ ಬಂದವಳು ಬಾಗಿಲು ದಾಟಿದ ಕೂಡಲೇ ಬ್ಯಾಗಿನಿಂದ ಅದನ್ನು ತೆಗೆದು ನನ್ನ ಕೈಗೆ ಕೊಡಬೇಕು, ನಾನು ಮಣೆಯ ಮೇಲೆ ಇಡಬೇಕು, ಹೊರಡುವ ದಿನ ಬೆಳಿಗ್ಗೆ ಹೂವಿನ ಎಸಳಿನೊಂದಿಗೆ ವಾಪಸು ಕೊಡಬೇಕು. ಇದಕ್ಕೆ ಅವಳು ನಗುತ್ತಿದ್ದಳು. "ಅಮ್ಮನ ಇಮಿಗ್ರೇಶನ್" ಎನ್ನುತ್ತಿದ್ದಳು. ನಗುತ್ತಲೇ ಕೊಡುತ್ತಿದ್ದಳು.

ದೀಪ ಹಚ್ಚುವಾಗ ಆ ದಿನ ಆದ ಒಳ್ಳೆಯದನ್ನು ದೇವರಿಗೆ ಹೇಳುವುದು ನನಗೆ ನನ್ನ ಅಮ್ಮನಿಂದ ಬಂದ ಅಭ್ಯಾಸ. ಬೇಡುವ ಮೊದಲು ಸಿಕ್ಕಿದ್ದನ್ನು ಹೇಳಬೇಕು ಎನ್ನುತ್ತಿದ್ದರು ಅವರು. ದೊಡ್ಡದೇ ಆಗಬೇಕೆಂದಿಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕಿತು, ಎಳನೀರಿನ ಬೊಂಡಕ್ಕೆಂದು ನೆಟ್ಟ ತೆಂಗಿನ ಸಸಿ ಚಿಗುರಿತು, ಇಷ್ಟೇ. ಮುಂದೆ ಹೇಳುವ ತಿಂಗಳುಗಳಲ್ಲಿಯೂ ನಾನು ಇದನ್ನು ಬಿಡಲಿಲ್ಲ. ಹೇಳುವಾಗ ಒಳಗೆ ಏನೂ ಆಗುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ಬಿಜೈಯ ಒಳದಾರಿಯಲ್ಲಿ ನಮ್ಮ ಮನೆ. ಆಗ ನಾವು ನಾಲ್ಕು ಜನ. ನಾನು, ಕಂಕನಾಡಿಯಲ್ಲಿ ಬಿಡಿಭಾಗದ ಅಂಗಡಿ ನೋಡಿಕೊಳ್ಳುವ ನನ್ನ ಗಂಡ, ನಮ್ಮ ಒಬ್ಬಳೇ ಮಗಳು, ಮತ್ತೆ ನನ್ನ ಅಣ್ಣ. ಅಣ್ಣ ಮದುವೆಯಾಗಿರಲಿಲ್ಲ. ಮಸ್ಕತ್‌ನಲ್ಲಿ ಇಪ್ಪತ್ತು ವರ್ಷ ದುಡಿದು ಬಂದು ನಮ್ಮ ಜೊತೆಯೇ ಇದ್ದ. ನಮ್ಮದು ಅಳಿಯಕಟ್ಟು. ಗೊತ್ತಿಲ್ಲದವರಿಗೆ ಹೇಳುವುದಾದರೆ, ನಮ್ಮಲ್ಲಿ ವಂಶ ನಡೆಯುವುದು ತಾಯಿಯ ಕಡೆಯಿಂದ. ಮಗಳದು ನನ್ನ ಬಳಿ, ಅಂದರೆ ಗೋತ್ರದ ಹಾಗಿನ ನಮ್ಮ ಕುಲ; ನನ್ನ ಅಣ್ಣನದೂ ಅದೇ. ಅವಳ ಅಪ್ಪನದು ಬೇರೆ ಬಳಿ. ಅಣ್ಣನಿಗೆ ಸಂತಾನ ಅಂತ ಇದ್ದರೆ ಅದು ಈ ಸೊಸೆಯೇ, ತಂಗಿಯ ಮಗಳು. ಶಾಲೆಗೆ ಸ್ಕೂಟರಿನಲ್ಲಿ ಬಿಟ್ಟದ್ದು, ಮೈದಾನದಲ್ಲಿ ಸೈಕಲ್ ಹಿಡಿದುಕೊಂಡು ಓಡಿದ್ದು, ಪಿಯುಸಿಯಲ್ಲಿ ಅತ್ತಾಗ ಐಸ್‌ಕ್ರೀಮ್ ತಿನ್ನಿಸಿ ಕರಕೊಂಡು ಬಂದದ್ದು ಎಲ್ಲಾ ಅವನೇ.

ಎರಡನೆಯ ವರ್ಷದ ನಡುವಿನ ರಜೆಗೆ ಮಗಳು ಬಂದಿದ್ದಳು. ಗುರುವಾರ ವಾಪಸು ವಿಮಾನ. ಸೋಮವಾರದಿಂದ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ಅವಳ ತರಬೇತಿ ಶುರು. ಹಿಂದಿನ ಸಲ ಒಂದು ವಿಷಯದಲ್ಲಿ ಫೇಲಾಗಿ ಕಾಲೇಜಿನಿಂದ ಎಚ್ಚರಿಕೆಯ ಪತ್ರ ಬಂದಿತ್ತು. ಹಾಗಾಗಿ ಈ ತರಬೇತಿ ತಪ್ಪಿಸುವ ಹಾಗೆಯೇ ಇಲ್ಲ, ತಪ್ಪಿದರೆ ಸೀಟು ಹೋಗುತ್ತದೆ, ಸೀಟು ಹೋದರೆ ವೀಸಾವೂ ಹೋಗುತ್ತದೆ ಎಂದು ಅವಳು ಬಂದ ದಿನವೇ ಹೇಳಿದ್ದಳು. ನನಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

ಮಂಗಳವಾರ ಬೆಳಿಗ್ಗೆ ಅಣ್ಣ ಚಾ ಕುಡಿದು, ಜಗಲಿಯಲ್ಲಿ ಪೇಪರ್ ಬಿಡಿಸಿ ಕೂತವನು ಹಾಗೆಯೇ ಒಂದು ಬದಿಗೆ ವಾಲಿದ. ಕಂಕನಾಡಿಯ ಆಸ್ಪತ್ರೆಗೆ ಮುಟ್ಟುವಾಗ ಮುಗಿದಿತ್ತು. ನೋವು ತಿನ್ನಲಿಲ್ಲ, ಹಾಸಿಗೆ ಹಿಡಿಯಲಿಲ್ಲ, ಸೊಸೆ ಊರಲ್ಲಿರುವಾಗಲೇ ಹೋದ. ಆ ಸಂಜೆ ದೀಪ ಹಚ್ಚುವ ಹಾಗಿದ್ದರೆ ಇದನ್ನೇ ಹೇಳುತ್ತಿದ್ದೆ. ಹಚ್ಚುವ ಹಾಗಿರಲಿಲ್ಲ. ಸೂತಕ. ಆಸ್ಪತ್ರೆಯಿಂದ ಫೋನು ಬಂದ ಕೂಡಲೇ ನಾನೇ ಎದ್ದು ದೇವರ ಕೋಣೆಯ ಬಾಗಿಲು ಹಾಕಿ ಚಿಲಕ ಎಳೆದಿದ್ದೆ. ನಮ್ಮ ಕುಟುಂಬದಲ್ಲಿ ಹದಿನಾರು ದಿನ. ಹದಿನಾರನೆಯ ದಿನ ಬೊಜ್ಜ. ಸತ್ತವರಿಗೆ ಎಲೆ ಹಾಕಿ ಬಡಿಸಿ, ಬಂಧುಗಳಿಗೆ ಊಟ ಹಾಕಿ, ಮನೆ ಶುದ್ಧ ಮಾಡಿಸಿದ ಮೇಲೆ ಆ ಬಾಗಿಲು ತೆರೆಯುವುದು.

ಪಾಸ್‌ಪೋರ್ಟಿನ ನೆನಪಾದದ್ದು ಮಗಳಿಗೆ, ಮರುದಿನ ಬೆಳಿಗ್ಗೆ. ಮಾಮನನ್ನು ಸುಟ್ಟು ಬಂದ ಕಣ್ಣು ಹಾಗೆಯೇ ಊದಿಕೊಂಡಿತ್ತು.

"ಅಮ್ಮ, ನನ್ನ ಪಾಸ್‌ಪೋರ್ಟ್ ಒಳಗುಂಟು."

"ಹೌದು."

"ನಾಳೆ ಫ್ಲೈಟ್ ಅಲ್ವಾ. ಹೋಗ್ಲೇಬೇಕು ಅಮ್ಮ. ಮಾಮ ಇದ್ದಿದ್ರೆ ಅವರೇ ಹೋಗು ಅಂತಿದ್ರು."

"ಸೂತಕದಲ್ಲಿ ಆ ಬಾಗಿಲು ಮುಟ್ಲಿಕ್ಕಿಲ್ಲ. ನೀನೂ ಇಲ್ಲ, ನಾನೂ ಇಲ್ಲ."

"ಪಪ್ಪ ತೆಗೀಬಹುದಾ?"

ನಾನು ಒಲೆಯ ಕಡೆ ತಿರುಗಿದ್ದೆ. ತಿರುಗಿಕೊಂಡೇ, "ಪಪ್ಪನಿಗೂ ಆಗ್ಲಿಕ್ಕಿಲ್ಲ" ಎಂದೆ. "ಕಾಲೇಜಿಗೆ ಒಂದು ಮೇಲ್ ಹಾಕು. ಅವರೂ ಮನುಷ್ಯರೇ ಅಲ್ವಾ. ದೇವರು ನೋಡಿಕೊಳ್ತಾರೆ."

ಅದು ಸುಳ್ಳು. ದೇವರು ನೋಡಿಕೊಳ್ಳುತ್ತಾರೆ ಎಂದದ್ದಲ್ಲ, ಅದಕ್ಕೆ ಮೊದಲು ಹೇಳಿದ್ದು. ನಮ್ಮ ಕಟ್ಟಿನಲ್ಲಿ ಹೆಂಡತಿಯ ಅಣ್ಣ ಸತ್ತರೆ ಗಂಡನಿಗೆ ಸೂತಕವಿಲ್ಲ. ನನ್ನ ಅಮ್ಮ ತೀರಿಕೊಂಡಾಗ ಹದಿನಾರು ದಿನವೂ ಇದೇ ಮನೆಯಲ್ಲಿ ದೀಪ ಹಚ್ಚಿದ್ದು ನನ್ನ ಗಂಡ. ಮಗಳು ಆಗ ತೊಟ್ಟಿಲಲ್ಲಿದ್ದಳು, ಅವಳಿಗೆ ಗೊತ್ತಿರುವ ಕಾರಣವಿಲ್ಲ.

ಇವರಿಗೆ ಗೊತ್ತಿತ್ತು. ಮಧ್ಯಾಹ್ನ ಹಿಂದಿನ ಅಂಗಳದ ಒಗೆಯುವ ಕಲ್ಲಿನ ಹತ್ತಿರ ನಾನು ಒಬ್ಬಳೇ ಇರುವಾಗ ಬಂದು ನಿಂತರು.

"ನಾನು ತೆಗೆದು ಕೊಡ್ತೇನೆ ಮಾರಾಯ್ತಿ. ಸ್ನಾನ ಮಾಡಿ ಆಗಿದೆ. ಎರಡು ನಿಮಿಷದ ಕೆಲಸ."

"ಬೇಡ."

"ಅವಳು ಹೋಗ್ಲಿ. ಅವಳ ಕ್ಲಾಸ್ ಹಾಳಾಗ್ತದೆ."

"ಅಣ್ಣನಿಗೆ ಬಡಿಸ್ಲಿಕ್ಕೆ ಯಾರುಂಟು ಹೇಳಿ. ದೊಡ್ಡಮ್ಮನ ಮೊಮ್ಮಕ್ಕಳನ್ನು ಕರೆಸಿ ಬಡಿಸೋದಾ? ಎತ್ತಿ ಆಡಿಸಿದ ಸೊಸೆ ಇರುವಾಗ? ಬೊಜ್ಜ ಮುಗಿದು ಹೋಗ್ಲಿ."

"ನಿನ್ನ ಅಣ್ಣ, ನಿನ್ನ ಮಗಳು. ನಾನು ಬೇರೆ ಬಳಿಯವ" ಎಂದು ತಮಾಷೆಯ ಹಾಗೆ ಹೇಳಿ ಹೋದರು. ನಮ್ಮಲ್ಲಿ ಗಂಡಸರು ಹೆಂಡತಿಯ ಮನೆಯ ವಿಷಯದಲ್ಲಿ ಬಾಯಿ ಹಾಕುವುದು ಕಡಿಮೆ. ಅದನ್ನೇ ನಾನು ನಂಬಿಕೊಂಡದ್ದು.

ಬೊಜ್ಜ ಚೆನ್ನಾಗಿಯೇ ಆಯಿತು. ಮಗಳು ಮಾಮನ ಎಲೆಗೆ ಅನ್ನ ಹಾಕಿದಳು, ಅವನಿಗೆ ಇಷ್ಟವಾದ ಕೋರಿ ಸುಕ್ಕ ಹಾಕಿದಳು, ರೊಟ್ಟಿಯನ್ನು ಅವನು ಮುರಿಯುತ್ತಿದ್ದ ಹಾಗೆಯೇ ಸಣ್ಣ ಸಣ್ಣ ಮಾಡಿ ಮುರಿದಳು. ನಾನು ಕಂಬಕ್ಕೆ ಒರಗಿ ನೋಡಿದೆ. ಅದನ್ನು ನೋಡಿದ್ದಕ್ಕೆ ನನಗೆ ಈಗಲೂ ವಿಷಾದವಿಲ್ಲ. ಇದನ್ನೂ ಬರೆಯಬೇಕು, ಇಲ್ಲದಿದ್ದರೆ ಬರೆದದ್ದು ಅರ್ಧವಾಗುತ್ತದೆ. ಬಾಗಿಲು ತೆರೆದು ಪುಣ್ಯಾಹ ಪ್ರೋಕ್ಷಿಸಿದ ಮೇಲೆ ಪಾಸ್‌ಪೋರ್ಟ್ ತೆಗೆದು ಎಸಳಿನೊಂದಿಗೆ ಕೊಟ್ಟೆ. ಹದಿನೆಂಟನೆಯ ದಿನ ಅವಳು ಹೋದಳು.

ಅಲ್ಲಿ ಮುಟ್ಟುವಾಗ ತರಬೇತಿಯ ಜಾಗ ಬೇರೆಯವರಿಗೆ ಹೋಗಿತ್ತು. ಆ ವಿಷಯದಲ್ಲಿಯೂ ಫೇಲ್ ಎಂದು ಬರೆದುಕೊಂಡರು. ಎರಡನೆಯ ಸಲವಾದ ಕಾರಣ ಕಾಲೇಜು ಸೀಟು ರದ್ದು ಮಾಡಿತು, ರದ್ದು ಮಾಡಿದ್ದನ್ನು ನಿಯಮದ ಪ್ರಕಾರ ವೀಸಾದ ಕಚೇರಿಗೆ ತಿಳಿಸಿತು. ಯಾಕೆ ವೀಸಾ ರದ್ದು ಮಾಡಬಾರದು ಎಂದು ಕೇಳಿ ಅವಳಿಗೆ ಪತ್ರ ಬಂತು. ಮಾಮ ತೀರಿಕೊಂಡರು, ಹಾಗಾಗಿ ಬರಲಿಕ್ಕಾಗಲಿಲ್ಲ ಎಂದು ಅವಳೇ ಕೂತು ಉತ್ತರ ಬರೆದಳು. ತಾಯಿಯ ಅಣ್ಣ ಹತ್ತಿರದ ಸಂಬಂಧವಲ್ಲ, ಅಂತ್ಯಕ್ರಿಯೆ ಮುಗಿದ ಮೇಲೂ ಎರಡು ವಾರ ಉಳಿದದ್ದಕ್ಕೆ ಕಾರಣ ಕಾಣುವುದಿಲ್ಲ ಎಂದು ಅವರು ಬರೆದರು.

"ಅಮ್ಮ, ವೀಸಾ ಕ್ಯಾನ್ಸಲ್ ಆಯ್ತು."

ಫೋನು ಬಂದಾಗ ನಾನು ಬಸಳೆ ಕೊಯ್ಯುತ್ತಿದ್ದೆ. "ಹೌದಾ" ಎಂದೆ. ಅವಳು ಇನ್ನೂ ಏನೇನೋ ಹೇಳಿದಳು. ಮೇಲ್ಮನವಿ ಹಾಕಲಿಕ್ಕೆ ಉಂಟು, ದಿನ ಕಡಿಮೆ ಉಂಟು, ಅದು ಮುಗಿಯುವವರೆಗೆ ಅಲ್ಲಿ ಇರಲಿಕ್ಕೆ ಮಾತ್ರ ಒಂದು ಕಾಗದ ಕೊಡ್ತಾರೆ, ಕ್ಲಾಸಿಗೆ ಹೋಗುವ ಹಾಗಿಲ್ಲ, ಕೆಲಸ ಮಾಡುವ ಹಾಗೂ ಇಲ್ಲ. ಸೋತರೆ ಊರಿಗೆ ಬರಬೇಕು, ಮತ್ತೆ ಕೆಲವು ವರ್ಷ ಆ ಕಡೆ ತಲೆ ಹಾಕುವ ಹಾಗಿಲ್ಲ. ಒಂದೂವರೆ ವರ್ಷ ಓದಿದ್ದು ನೀರಿಗೆ. ಫೋನು ಇಟ್ಟು ಉಳಿದ ಬಸಳೆ ಕೊಯ್ದೆ. ದಂಟು ಬೇರೆ, ಎಲೆ ಬೇರೆ ಮಾಡಿದೆ. ತೊಳೆದೆ. ಅಳು ಬರುತ್ತದೋ ಎಂದು ನೋಡಿದೆ. ಬರಲಿಲ್ಲ. ಆ ದಿನದಿಂದ ನನ್ನ ಒಳಗೆ ದವಡೆಗೆ ಇಂಜೆಕ್ಷನ್ ಕೊಟ್ಟ ಹಾಗೆ ಆಯಿತು. ಹಲ್ಲು ಅಲ್ಲಿಯೇ ಉಂಟು ಎಂದು ಗೊತ್ತಾಗುತ್ತದೆ, ಮುಟ್ಟಿದರೆ ಗೊತ್ತಾಗುವುದಿಲ್ಲ.

ಸಂಜೆ ದೇವರಿಗೆ ಹೇಳಿದ್ದು: ಅವಳು ಮೊದಲು ನನಗೇ ಫೋನು ಮಾಡಿದಳು.

ಮಗಳನ್ನು ಕಳಿಸಿದ ಕನ್ಸಲ್ಟೆನ್ಸಿ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ. ಅಲ್ಲಿಯ ಮನುಷ್ಯ ನನ್ನನ್ನು ಕೂರಿಸಿ ನೀರು ಕೊಟ್ಟ. ಎಲ್ಲಾ ಕೇಳಿ, ಕುರ್ಚಿಯಲ್ಲಿ ಹಿಂದೆ ವಾಲಿದ.

"ಆಂಟಿ, ಮಾಮ ಸತ್ತದ್ದು ಅಲ್ಲಿ ನಡೆಯೋದಿಲ್ಲ. ಒಂದು ಡೆಂಗ್ಯೂ ಹಾಕ್ವ. ಸರ್ಟಿಫಿಕೇಟ್ ಮಾಡಿಸುವ. ಪ್ಲೇಟ್‌ಲೆಟ್ ಇಳಿದಿತ್ತು, ಎದ್ದು ನಿಲ್ಲಿಕ್ಕೆ ಆಗ್ತಿರ್ಲಿಲ್ಲ ಅಂತ."

"ಅವಳು ಗಟ್ಟಿಮುಟ್ಟಾಗಿ ಇನ್ನೂರು ಜನಕ್ಕೆ ಬಡಿಸಿದ್ದಾಳೆ ಮಾರಾಯ."

"ಅದು ಅವರಿಗೆ ಗೊತ್ತುಂಟಾ?"

"ದೇವರಿಗೆ ಗೊತ್ತುಂಟು. ನಮಗೆ ಸುಳ್ಳು ಬೇಡ. ಸತ್ಯವೇ ಇರುವಾಗ ಯಾಕೆ."

ಅಷ್ಟು ಹೇಳಿ ಸೆರಗು ಎಳೆದುಕೊಂಡು ಎದ್ದು ಬಂದೆ. ದಾರಿಯಲ್ಲಿ ಬಸ್‌ಸ್ಟ್ಯಾಂಡಿನ ಎದುರು ರಸ್ತೆ ದಾಟುವಾಗ, ಎಷ್ಟು ಚೆನ್ನಾಗಿ ಹೇಳಿದೆ ಎಂದು ನನಗೇ ಅನಿಸಿತು. ಆ ಅನಿಸಿದ್ದು ನೆನಪಾದರೆ ಈಗ ಮುಖ ಬಿಸಿಯಾಗುತ್ತದೆ.

ಅಲ್ಲಿ ಮಗಳು ಒಬ್ಬ ವಕೀಲೆಯನ್ನು ಹಿಡಿದಳು. ಚುರುಕಿನ ಹೆಂಗಸು. ಫೋನಿನಲ್ಲಿ ಒಂದು ಗಂಟೆ ನನ್ನನ್ನು ಕೇಳಿದರು, ಮಗಳೇ ನಡುವೆ ನಿಂತು ಅತ್ತಿಂದಿತ್ತ ಹೇಳಿದಳು. ಸೂತಕ, ದೇವರ ಕೋಣೆ, ಒಳಗೆ ಉಳಿದ ಪಾಸ್‌ಪೋರ್ಟ್. ಅದು ಕೇಳಿದ್ದೇ ತಡ ಅವರ ದನಿ ಬದಲಾಯಿತು. ಇದನ್ನು ಯಾಕೆ ಮೊದಲು ಬರೆಯಲಿಲ್ಲ ಎಂದು ಮಗಳಿಗೆ ಬೈದರು. ಅವಳು ಊರಿಗೆ ಅಂಟಿಕೊಂಡು ಉಳಿದದ್ದಲ್ಲ, ಧರ್ಮದ ಕಟ್ಟಳೆಯಿಂದ ಪಾಸ್‌ಪೋರ್ಟ್ ಸಿಗಲಿಲ್ಲ, ಅವಳ ಕೈ ಮೀರಿದ್ದು. ಇದೇ ನಮ್ಮ ಮುಖ್ಯ ವಾದ ಎಂದರು. ಮನೆಯ ಹಿರಿಯರಾಗಿ ನಾನು ಪ್ರಮಾಣಪತ್ರ ಕೊಡಬೇಕು, ವಿಚಾರಣೆಯ ದಿನ ವಿಡಿಯೋದಲ್ಲಿ ಸಾಕ್ಷಿಯನ್ನೂ ಹೇಳಬೇಕು.

"ಅಮ್ಮ, ನೀನು ಪಾಸ್‌ಪೋರ್ಟ್ ದೇವರ ಹತ್ರ ಇಟ್ಟದ್ದೇ ಒಳ್ಳೆದಾಯ್ತು ನೋಡು" ಎಂದಳು ಮಗಳು. ಎಷ್ಟೋ ವಾರದ ಮೇಲೆ ಅವಳ ದನಿಯಲ್ಲಿ ನಗು ಕೇಳಿದ್ದು ಅದೇ ಮೊದಲು. ನಾನು ಹೂಂ ಎಂದೆ.

ವಕೀಲೆ ಕಳಿಸಿದ ಕಾಗದ ಇಂಗ್ಲಿಷಿನಲ್ಲಿತ್ತು. ನೋಟರಿಯ ಆಫೀಸಿನ ಬೆಂಚಿನ ಮೇಲೆ ಕೂತು ನನ್ನ ಗಂಡ ಸಾಲು ಸಾಲಾಗಿ ಓದಿ ಹೇಳಿದರು. ನಾಲ್ಕನೆಯ ಸಾಲಿಗೆ ನಿಂತರು.

"ಎಂತ?"

"'ಆ ಹದಿನಾರು ದಿನ ಮನೆಯಲ್ಲಿದ್ದ ಯಾರೂ ಆ ಕೋಣೆಗೆ ಹೋಗುವ ಹಾಗಿರಲಿಲ್ಲ' ಅಂತ ಉಂಟು."

ನಾನು ಎದುರಿನ ಗೋಡೆಯಲ್ಲಿ ತೂಗಿದ್ದ ಕ್ಯಾಲೆಂಡರ್ ನೋಡಿದೆ.

"ಯಾರೂ ಅಂತ ಉಂಟು" ಎಂದು ಅವರು ಇನ್ನೊಮ್ಮೆ ಹೇಳಿದರು.

"ಓದಿ ಮುಂದೆ."

ಅವರು ಕನ್ನಡಕ ತೆಗೆದು ಶರ್ಟಿನ ಕಿಸೆಗೆ ಹಾಕಿಕೊಂಡರು. "ಆ ಸಾಲು ನಾನು ಓದ್ಲಿಲ್ಲ ಅಂತ ಇಟ್ಟುಕೊ" ಎಂದರು. ನಾನು ಸಹಿ ಹಾಕಿದೆ. ನೋಟರಿ ನನ್ನ ಮುಖ ಕೂಡ ನೋಡದೆ ಸೀಲು ಒತ್ತಿದರು. ಹೊರಗೆ ಬಂದು ಇಬ್ಬರೂ ಒಂದೊಂದು ಬೊಂಡ ಕುಡಿದೆವು. ಆ ಸಂಜೆ ದೇವರಿಗೆ ಬೊಂಡ ಸಿಹಿಯಿತ್ತು ಎಂದೆ.

ವಿಚಾರಣೆಗೆ ತಿಂಗಳುಗಳು ಹಿಡಿದವು. ಆ ತಿಂಗಳುಗಳಲ್ಲಿ ನಾನು ಏನು ಮಾಡಿದೆ ಎಂದು ಕೇಳಿದರೆ ಹೇಳುವುದು ಕಷ್ಟ. ಕಂಕನಾಡಿ ಮಾರ್ಕೆಟಿಗೆ ಹೋದೆ, ಹರಿವೆ ತಂದೆ, ಬೆಂಗ್ರೆಯಿಂದ ಬರುವ ಮೀನಿನ ಹೆಂಗಸಿನ ಹತ್ತಿರ ಬಂಗುಡೆ ಚೌಕಾಸಿ ಮಾಡಿದೆ. ನಾಲ್ಕು ಜನಕ್ಕೆ ಆಗುವಷ್ಟೇ ಹಿಟ್ಟು ಅರೆಯುತ್ತಿದ್ದೆ, ಉಳಿದದ್ದನ್ನು ಪಕ್ಕದ ಮನೆಯ ಕೊಂಕಣಿ ಅಕ್ಕನಿಗೆ ಕೊಡುತ್ತಿದ್ದೆ. ಅವರು ಪಾತ್ರೆ ವಾಪಸು ಕೊಡುವಾಗ ಖಾಲಿ ಕೊಡುವುದಿಲ್ಲ, ಏನಾದರೂ ಹಾಕಿಯೇ ಕೊಡುತ್ತಾರೆ. ಅದನ್ನೂ ದೇವರಿಗೆ ಹೇಳಿದೆ. ಮಗಳು ಮೂರು ಹುಡುಗಿಯರ ಜೊತೆ ಒಂದು ಕೋಣೆಯಲ್ಲಿದ್ದಳು. ಕ್ಲಾಸಿಗೆ ಹೋಗುವವರೆಲ್ಲಾ ಹೋದ ಮೇಲೆ ಅವಳು ಒಬ್ಬಳೇ. ಫೋನಿನಲ್ಲಿ ಅಡುಗೆ ಕೇಳುತ್ತಿದ್ದಳು. ಗಸಿಗೆ ಕೊತ್ತಂಬರಿ ಎಷ್ಟು ಹುರಿಯಬೇಕು, ಪುಂಡಿಯ ಹಿಟ್ಟು ಯಾಕೆ ಒಡೆಯುತ್ತದೆ. ನಾನು ಹೇಳುತ್ತಿದ್ದೆ. ಇಬ್ಬರಿಗೂ ಬೇರೆ ಮಾತು ಬೇಕಿರಲಿಲ್ಲ.

ವಿಚಾರಣೆಯ ದಿನ ಅಲ್ಲಿ ಮಧ್ಯಾಹ್ನ, ನಮಗೆ ಬೆಳಿಗ್ಗೆ ಒಂಬತ್ತೂವರೆ. ಇವರು ಅಂಗಡಿಗೆ ಹೋಗದೆ ಉಳಿದು, ಪರಿಚಯದವರಿಂದ ತಂದ ಲ್ಯಾಪ್‌ಟಾಪನ್ನು ಊಟದ ಮೇಜಿನ ಮೇಲೆ ಇಟ್ಟು ಕೊಟ್ಟರು. ನನ್ನ ಬೆನ್ನ ಹಿಂದೆ ದೇವರ ಕೋಣೆ. ಬೆಳಿಗ್ಗೆಯ ದೀಪ ಉರಿಯುತ್ತಿತ್ತು. ಬಾಗಿಲು ಹಾಕಲಾ ಎಂದು ಅವರು ಕೇಳಿದರು, ನಾನೇ ಬೇಡ ಎಂದೆ. ಧೈರ್ಯಕ್ಕೆ ಇರಲಿ ಎಂದು.

ಪರದೆಯಲ್ಲಿ ಐದು ಚೌಕ. ತೀರ್ಪು ಕೊಡುವವರು ನನಗಿಂತ ಹಿರಿಯ ಹೆಂಗಸು, ಬಿಳಿಕೂದಲು, ಮೆಲ್ಲ ಮಾತು. ನಮ್ಮ ವಕೀಲೆ. ಮಗಳು, ತೆಳುವಾಗಿದ್ದಳು, ಕೂದಲು ಹಿಂದಕ್ಕೆ ಬಿಗಿದಿದ್ದಳು. ದುಭಾಷಿ. ಮತ್ತೆ ನಾನು. ತುಳುವಿನ ದುಭಾಷಿ ಅವರ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಕನ್ನಡದವರನ್ನು ಕೊಟ್ಟಿದ್ದರು. ಘಟ್ಟದ ಮೇಲಿನ ಗಂಡಸು, ಮರ್ಯಾದೆಯ ಮನುಷ್ಯ.

"ಅಮ್ಮಾ, ಸತ್ಯವನ್ನೇ ಹೇಳ್ತೀನಿ ಅಂತ ಪ್ರಮಾಣ ಮಾಡ್ಬೇಕು. ದೇವರ ಹೆಸರಲ್ಲಿ ಮಾಡ್ತೀರೋ, ಸುಮ್ನೆ ಮಾಡ್ತೀರೋ ಅಂತ ಕೇಳ್ತಾ ಇದಾರೆ."

"ದೇವರ ಹೆಸರಲ್ಲಿ" ಎಂದೆ. ಬೇರೆ ಹೇಗೆ ಮಾಡುವುದು ನನಗೆ ಗೊತ್ತಿಲ್ಲ.

ಅಣ್ಣನ ಬಗ್ಗೆ ಕೇಳಿದರು. ಅಳಿಯಕಟ್ಟಿನ ಬಗ್ಗೆ ಕೇಳಿದರು. ಅವರಿಗೆ ಅದರಲ್ಲಿ ನಿಜವಾಗಿ ಆಸಕ್ತಿ ಇದ್ದ ಹಾಗೆ ಕಂಡಿತು. ಹಾಗಾದರೆ ಮಾಮನೇ ತಂದೆಯ ಜಾಗದಲ್ಲಿದ್ದವರೇ ಎಂದರು. ಜಾಗದಲ್ಲಿ ಅಲ್ಲ, ನಮ್ಮಲ್ಲಿ ಅವನದ್ದೇ ಜಾಗ ಎಂದೆ. ದುಭಾಷಿ ಅದನ್ನು ಹೇಳುವಾಗ ಮಗಳು ಕಣ್ಣೊರೆಸಿಕೊಂಡಳು. ಹಿಂದೆ ಕಾಣುವುದೇ ಆ ಕೋಣೆಯಾ ಎಂದು ಕೇಳಿದರು. ಇವರು ಲ್ಯಾಪ್‌ಟಾಪನ್ನು ಸ್ವಲ್ಪ ತಿರುಗಿಸಿ ತೋರಿಸಿದರು. ಪಟ, ಮಣೆ, ಮಲ್ಲಿಗೆ, ದೀಪ. ಮತ್ತೆ ನನ್ನ ಕಡೆ ತಿರುಗಿಸಿದರು. ಎಲ್ಲಾ ಸರಿಯಾಗಿಯೇ ಹೋಗುತ್ತಿತ್ತು. ವಕೀಲೆ ತಲೆಯಾಡಿಸುತ್ತಿದ್ದರು.

ಆಗ ಆ ಹಿರಿಯ ಹೆಂಗಸು ನನ್ನ ಪ್ರಮಾಣಪತ್ರದ ಪುಟ ತಿರುಗಿಸಿ ಒಂದು ಪ್ರಶ್ನೆ ಕೇಳಿದರು.

"ಅಮ್ಮಾ, ಮೇಡಂ ಕೇಳ್ತಾ ಇದಾರೆ. ತಾಯಿ ಕಡೆಯಿಂದ ವಂಶ ಅಂತ ಈಗ ಹೇಳಿದ್ರಲ್ಲ. ಹಾಗಾದ್ರೆ ನಿಮ್ಮ ಯಜಮಾನ್ರು ಬೇರೆ ವಂಶ. ಅವ್ರಿಗೂ ಸೂತಕ ಇತ್ತಾ?"

ಮೇಜಿನ ಆ ಬದಿಯಲ್ಲಿ, ಪರದೆಗೆ ಕಾಣದ ಹಾಗೆ, ನನ್ನ ಗಂಡ ಕೂತಿದ್ದರು. ಅವರು ನನ್ನ ಕಡೆ ನೋಡಲಿಲ್ಲ, ಮೇಜಿನ ಮೇಲಿನ ಉಪ್ಪಿನಕಾಯಿ ಭರಣಿಯ ಮುಚ್ಚಳವನ್ನು ತಿರುಗಿಸುತ್ತಿದ್ದರು. ಇತ್ತು ಎಂದರೆ ಮುಗಿಯುತ್ತಿತ್ತು. ಎರಡೇ ಅಕ್ಷರ. ನನ್ನ ಬೆನ್ನಿಗೆ ದೀಪದ ಬಿಸಿ ಮುಟ್ಟುವಷ್ಟು ಹತ್ತಿರವೇನಲ್ಲ, ಆದರೂ ಮುಟ್ಟಿದ ಹಾಗಾಯಿತು.

"ಇಲ್ಲ" ಎಂದೆ. "ಅವರಿಗೆ ಇರಲಿಲ್ಲ."

"ಹಾಗಾದ್ರೆ ಅವ್ರು ಪಾಸ್‌ಪೋರ್ಟ್ ತೆಗೀಬಹುದಿತ್ತಾ?"

"ತೆಗೀಬಹುದಿತ್ತು. ತೆಗೆದು ಕೊಡ್ತೇನೆ ಅಂತ ಕೇಳಿದ್ರು. ನಾನು ಬೇಡ ಅಂದೆ."

ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ವಕೀಲೆಯ ತಲೆಯಾಡುವುದು ನಿಂತಿತು.

"ಈ ಕಾಗದದಲ್ಲಿ ಯಾರೂ ಹೋಗೋ ಹಾಗಿರ್ಲಿಲ್ಲ ಅಂತ ಬರ್ದಿದೀರಲ್ಲ?"

"ಅದು ಸುಳ್ಳು. ಗೊತ್ತಿದ್ದೇ ಸಹಿ ಹಾಕಿದ್ದು."

"ಯಾಕೆ ಬೇಡ ಅಂದ್ರಿ?"

"ಅವಳು ಬೊಜ್ಜಕ್ಕೆ ಇರಬೇಕಿತ್ತು."

ಬೊಜ್ಜ ಎಂದರೆ ಏನು ಎಂದು ದುಭಾಷಿಯೇ ಕೇಳಿದರು. ತಿಥಿ ಎಂದೆ. ಸತ್ತವರಿಗೆ ಬಡಿಸುವುದು ಎಂದೆ.

"ನಿಮ್ಮ ಮಗಳಿಗೆ ಇದು ಗೊತ್ತಿತ್ತಾ? ತಂದೆಯವರು ತೆಗೀಬಹುದು ಅಂತ?"

"ಇಲ್ಲ. ಅವಳು ಕೇಳಿದ್ಲು. ಪಪ್ಪನಿಗೂ ಆಗ್ಲಿಕ್ಕಿಲ್ಲ ಅಂತ ನಾನು ಹೇಳಿದೆ. ಅವಳು ನನ್ನ ಮಾತು ನಂಬಿದ್ಲು."

ಮಗಳ ಚೌಕದಲ್ಲಿ ಅವಳು ಅಲುಗಾಡಲಿಲ್ಲ. ಮೊದಲಿಗೆ ನೆಟ್ ನಿಂತು ಹೋಯಿತೋ ಎಂದುಕೊಂಡೆ. ಆಮೇಲೆ ಅವಳು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟಳು. ನೆಟ್ ಇತ್ತು.

ನನ್ನ ಸಾಕ್ಷಿ ಅಷ್ಟಕ್ಕೆ ಮುಗಿಯಿತು. ನಾನು ಹೋಗಬಹುದು ಎಂದರು, ಪರದೆ ಕಪ್ಪಾಯಿತು. ಇವರು ಲ್ಯಾಪ್‌ಟಾಪ್ ಮಡಚಿ, "ಚಾ ಮಾಡ್ಲಾ?" ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಚಾ ಮಾಡಿದ್ದು ನಾನು ಕಂಡದ್ದಿಲ್ಲ. ಮಾಡಿದರು. ಸಕ್ಕರೆ ಜಾಸ್ತಿಯಾಗಿತ್ತು. ಪೂರ್ತಿ ಕುಡಿದೆ.

"ನಾನು ಹಾಳು ಮಾಡಿದೆನಾ?"

"ಆಗ್ಲೇ ಮಾಡಿದ್ದಿ. ಇವತ್ತು ಹೇಳಿದ್ದು ಮಾತ್ರ" ಎಂದರು. ಬೈಗುಳವಲ್ಲ ಅದು. ಲೋಟ ತೊಳೆದು ಇಟ್ಟು ಅಂಗಡಿಗೆ ಹೋದರು.

ಆಮೇಲೆ ಮಗಳ ಫೋನು ಬರಲಿಲ್ಲ. ಅಪ್ಪನಿಗೆ ಮೆಸೇಜು ಬರುತ್ತಿತ್ತು. ಊಟ ಆಯ್ತು, ಆರಾಮ ಇದ್ದೇನೆ, ಹೀಗೆ. ಅವರು ಓದಿ ಹೇಳುತ್ತಿದ್ದರು. ನಾನು ಮಾಡಿದ ಕರೆ ಅವಳು ಎತ್ತುತ್ತಿರಲಿಲ್ಲ. ಎತ್ತದಿದ್ದರೂ ಕಟ್ ಮಾಡುತ್ತಿರಲಿಲ್ಲ. ಅದು ತಾನಾಗಿ ನಿಲ್ಲುವವರೆಗೆ ರಿಂಗಾಗಲು ಬಿಡುತ್ತಿದ್ದಳು. ಅದನ್ನು ಒಂದು ದಿನ ದೇವರಿಗೆ ಹೇಳಿದೆ. ಕಟ್ ಮಾಡಲಿಲ್ಲ ಎಂದು.

ದೇವಸ್ಥಾನಕ್ಕೆ ಹೋದಾಗ ಹರಕೆ ಹೇಳಿಕೊಳ್ಳಲಿಕ್ಕೆ ಕೈ ಮುಗಿದರೆ ಮಾತು ಬರುತ್ತಿರಲಿಲ್ಲ. ಗೆಲ್ಲಿಸು ಎನ್ನಲಿಕ್ಕೆ ನನಗೆ ಯಾವ ಮುಖವಿದೆ? ಅವಳು ಸೋತು ಮನೆಗೆ ಬಂದರೆ ತನ್ನ ಕೋಣೆಯಲ್ಲಿ ಮಲಗುತ್ತಾಳೆ, ಈ ಮೇಜಿನಲ್ಲಿ ಉಣ್ಣುತ್ತಾಳೆ ಎಂದು ಒಂದು ಸಲ ಮನಸ್ಸಿಗೆ ಬಂತು. ಬಂದದ್ದು ಆಸೆಯೋ ಹೆದರಿಕೆಯೋ ಗೊತ್ತಾಗಲಿಲ್ಲ. ಗಂಧ ಪ್ರಸಾದ ತೆಗೆದುಕೊಂಡು ಬಸ್ಸು ಹತ್ತಿದೆ.

ತೀರ್ಪು ಬಂದದ್ದು ಐದಾರು ವಾರ ಕಳೆದ ಮೇಲೆ, ಒಂದು ಮಧ್ಯಾಹ್ನ. ಇವರು ಊಟಕ್ಕೆ ಬಂದವರು ಕೈ ತೊಳೆಯದೆ ಫೋನು ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಆಯ್ತು ಮಾರಾಯ್ತಿ. ವೀಸಾ ವಾಪಸ್ ಕೊಟ್ರು. ರದ್ದು ಮಾಡಿದ್ದು ಸರಿಯಲ್ಲ ಅಂತ."

ನಾನು ಒಲೆ ಸಣ್ಣ ಮಾಡಿದೆ. ಉದ್ದದ ಕಾಗದ. ನನಗೆ ಸಂಬಂಧಪಟ್ಟ ಭಾಗವನ್ನು ಅವರು ಕನ್ನಡದಲ್ಲಿ ಓದಿ ಹೇಳಿದರು. ತಾಯಿ ಕೊಟ್ಟ ಸಾಕ್ಷಿ ಅವರದ್ದೇ ಬರಹಕ್ಕೆ ವಿರುದ್ಧವಾಗಿತ್ತು. ಮಗಳ ಪ್ರಕರಣಕ್ಕೂ ತನ್ನ ಮರ್ಯಾದೆಗೂ ನಷ್ಟವಾಗಬಹುದೆಂದು ಗೊತ್ತಿದ್ದೂ ಹೇಳಿದ ಕಾರಣ ಅದನ್ನು ನಂಬುತ್ತೇನೆ. ಪಾಸ್‌ಪೋರ್ಟ್ ಅರ್ಜಿದಾರಳಿಗೆ ಸಿಗದೇ ಹೋದದ್ದು ಕಟ್ಟಳೆಯಿಂದಲ್ಲ, ತಾಯಿಯಿಂದ. ಅರ್ಜಿದಾರಳಿಗೆ ಅದು ತಿಳಿದಿರಲಿಲ್ಲ. ಅವಳ ತಪ್ಪಿಲ್ಲ.

"ಅವಳ ತಪ್ಪಿಲ್ಲ ಅಂತ ಉಂಟಲ್ಲ" ಎಂದೆ.

"ಉಂಟು."

"ಸಾಕು. ಕೈ ತೊಳೀರಿ, ಬಡಿಸ್ತೇನೆ."

ಸಂತೋಷವಾಗಬೇಕಿತ್ತು. ಕಾದೆ. ಬಡಿಸುವಾಗ ಕಾದೆ, ಪಾತ್ರೆ ತೊಳೆಯುವಾಗ ಕಾದೆ. ಇಂಜೆಕ್ಷನ್ ಇನ್ನೂ ಇಳಿದಿರಲಿಲ್ಲ. ಸಂಜೆ ದೀಪದ ಎದುರು ನಿಂತು, ವೀಸಾ ಸಿಕ್ಕಿತು ಎಂದು ಹೇಳಿದೆ, ಬಸ್ಸಿನಲ್ಲಿ ಸೀಟು ಸಿಕ್ಕಿತು ಎಂದು ಹೇಳುವ ದನಿಯಲ್ಲೇ.

ಕಾಲೇಜು ಮತ್ತೆ ಸೇರಿಸಿಕೊಂಡಿತು. ಒಂದು ವರ್ಷ ಹಿಂದೆ ಬಿದ್ದಳು, ಅಷ್ಟೇ. ಅವಳ ಫೋನು ಬಂದದ್ದು ತರಬೇತಿಗೆ ಹೋಗಲು ಶುರು ಮಾಡಿದ ಮೊದಲ ವಾರ, ಭಾನುವಾರ. ನನ್ನ ಫೋನಿಗೇ ಬಂತು. ಇವರು ಮೀನು ತರಲು ಹೋಗಿದ್ದರು.

"ಅಮ್ಮ."

"ಹೇಳು ಮಗಾ."

"ಎಂತ ಮಾಡ್ತಿದ್ದಿ?"

"ತೆಂಗಿನಕಾಯಿ ತುರೀತಿದ್ದೆ."

ತರಬೇತಿಯ ಆಸ್ಪತ್ರೆಯ ಬಗ್ಗೆ ಹೇಳಿದಳು. ಅವಳ ವಾರ್ಡಿನಲ್ಲಿ ಒಬ್ಬ ಅಜ್ಜ ಇದ್ದಾರಂತೆ, ಬ್ರೆಡ್ಡನ್ನು ಸಣ್ಣ ಸಣ್ಣ ತುಂಡು ಮಾಡಿ ಇಟ್ಟು ಆಮೇಲೆ ತಿನ್ನುತ್ತಾರಂತೆ. ಮಾಮನ ಹಾಗೆ ಎಂದಳು. ನಾನು ಹೌದಾ ಎಂದೆ. ಅವಳು ಮಾಮನಿಗೆ ಬಡಿಸಿದ್ದಕ್ಕೆ ಬೇಜಾರಿಲ್ಲ ಎಂದೋ, ನೀನು ಹಾಗೆ ಮಾಡಬಾರದಿತ್ತು ಎಂದೋ ಹೇಳಬಹುದು ಎಂದುಕೊಂಡೆ. ಎರಡನ್ನೂ ಹೇಳಲಿಲ್ಲ. ನಾನೂ ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಅವಳೇ ಮಾತು ತೆಗೆದಳು. ಗಟ್ಟಿ ದನಿ, ಯಾವ ಏರಿಳಿತವೂ ಇಲ್ಲ.

"ಅಮ್ಮ, ಒಂದು ಹೇಳ್ತೇನೆ. ಇನ್ನು ಮುಂದೆ ನಾನು ಬಂದಾಗ ಪಾಸ್‌ಪೋರ್ಟ್ ನನ್ನ ಬ್ಯಾಗಿನಲ್ಲೇ ಇರ್ತದೆ. ದೇವರ ಕೋಣೆಗೆ ಕೊಡುದಿಲ್ಲ."

"ಆಯ್ತು" ಎಂದೆ.

"ಇಡ್ತೇನೆ ಈಗ. ಡ್ಯೂಟಿ ಉಂಟು."

ಫೋನು ಇಟ್ಟು, ಉಳಿದ ಕಾಯಿ ತುರಿದೆ. ಆ ಸಂಜೆ ದೀಪ ಹಚ್ಚಿ, ಖಾಲಿ ಮಣೆಯನ್ನು ಒರೆಸಿ, ಆ ದಿನದ ಒಳ್ಳೆಯದನ್ನು ದೇವರಿಗೆ ಹೇಳಿದೆ. ನಾನು ಬಂದಾಗ ಎಂದಳು. ಬಂದರೆ ಎನ್ನಲಿಲ್ಲ.